ಮೈಲಿಗೊಂದು ನೆಪ

ಬೇಲಿಯಾಚೆಯ ರಾಯರು ಲೋಕೋಪಯೋಗಿ ಇಲಾಖೆಯಲ್ಲಿ ಆಯುಷ್ಯವೆಲ್ಲ ಟಿ.ಎ. ಬಿಲ್ ಪಾಸು ಮಾಡಿದವರು. ಪಾಸು ಮಾಡಿದ್ದಕ್ಕಿಂತ ಆಕ್ಷೇಪಣೆ ಹಾಕಿ ವಾಪಸ್ ಕಳಿಸಿದ್ದೇ ಜಾಸ್ತಿಯಂತೆ. ಈಗ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಗೆ ಬಂದು ಕೂತಿದ್ದಾರೆ, ನಾನು ಮಗನ ಮನೆಗೆ. ಇಬ್ಬರಿಗೂ ಕಾರು ಓಡಿಸೋಕೆ ಬರೋದಿಲ್ಲ. ಹಾಗಾಗಿ ಕಾರಿನ ಲೆಕ್ಕ ಮಾತಾಡೋಕೆ ನಮ್ಮಷ್ಟು ಬಿಡುವಾದವರು ಈ ಬೀದಿಯಲ್ಲಿಲ್ಲ.

"ಅಲ್ರೀ, ಮಗಳು ರೋಗಿಗಳ ಮನೆಗೇ ಹೋಗಿ ವ್ಯಾಯಾಮ ಮಾಡಿಸ್ತಾಳೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋದ ಮೈಲಿಗೆಲ್ಲ ಕಂಪನಿ ದುಡ್ಡು ಕೊಡುತ್ತೆ. ಅಳಿಯ ದಿನಾ ಟ್ರಾಫಿಕ್ಕಿನಲ್ಲಿ ಬೆಂದು ಆಫೀಸಿಗೆ ಹೋಗ್ತಾನೆ, ಅವನಿಗೆ ಚಿಕ್ಕಾಸಿಲ್ಲ. ಇದ್ಯಾವ ನ್ಯಾಯ?"

"ಮನೆಯಿಂದ ಆಫೀಸಿಗೆ ಹೋಗೋದು ಸ್ವಂತ ಕೆಲಸ ಅಂತ ಇಲ್ಲಿನ ತೆರಿಗೆಯವರ ಸಿದ್ಧಾಂತ, ರಾಯರೇ. ದೂರದಲ್ಲಿ ಮನೆ ಮಾಡು ಅಂತ ಅವರೇನು ಹೇಳಿದ್ರಾ? ದಾರಿಯುದ್ದಕ್ಕೂ ಫೋನಲ್ಲಿ ಆಫೀಸಿನ ಮಾತಾಡಿದ್ರೂ ಅಷ್ಟೇ, ಕಾರಿನ ಮೇಲೆ ಕಂಪನಿ ಜಾಹೀರಾತು ಬರೆಸಿಕೊಂಡ್ರೂ ಅಷ್ಟೇ."

"ಮತ್ತೆ ಮನೇಲೇ ಆಫೀಸು ಇಟ್ಟುಕೊಂಡೋರು?"

"ಸ್ವಂತ ವ್ಯವಹಾರ ಇದ್ದು, ಮನೆಯೇ ಅದರ ಮುಖ್ಯ ಕಚೇರಿಯಾದ್ರೆ, ಹೊಸಿಲು ದಾಟಿದ ಕೂಡಲೇ ಮೈಲಿ ಶುರು."

ರಾಯರು ತಲೆಯಾಡಿಸಿದ ರೀತಿ ನೋಡಿದರೆ, ಇಂಥ ಬಿಲ್ಲು ಅವರ ಮೇಜಿಗೆ ಬಂದಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು.

ದರ ಹೇಳಿದೆ: 2025ಕ್ಕೆ ಮೈಲಿಗೆ 70 ಸೆಂಟ್. ಪೆಟ್ರೋಲು, ಟೈರು, ವಿಮೆ, ಕಾರಿನ ಸವಕಳಿ ಎಲ್ಲ ಅದರಲ್ಲೇ ಬಂತು. ಟೋಲ್, ಪಾರ್ಕಿಂಗ್ ಬೇರೆ. ಸರಿಯಾದ ಲೆಕ್ಕ ಕೊಟ್ಟರೆ ಅಷ್ಟರವರೆಗೆ ಕಂಪನಿ ಕೊಟ್ಟ ದುಡ್ಡಿಗೆ ತೆರಿಗೆಯಿಲ್ಲ. ಮೇಲೆ ಕೊಟ್ಟರೆ ಅದು ಸಂಬಳ. ಖರ್ಚಿನ ಲೆಕ್ಕ 60 ದಿನದೊಳಗೆ, ಉಳಿದ ಮುಂಗಡ 120 ದಿನದೊಳಗೆ ವಾಪಸ್ ಆದರೆ ಯಾರೂ ತಕರಾರು ಎತ್ತೋದಿಲ್ಲ. ಇದನ್ನು ಕೇಳಿ ಮಾತ್ರ ರಾಯರ ಮುಖ ಅರಳಿತು.

"ಕಂಪನಿ ಕೊಡೋದೇ ಇಲ್ಲ ಅಂದ್ರೆ?"

"ಕ್ಯಾಲಿಫೋರ್ನಿಯಾದಲ್ಲಿ ಹಾಗನ್ನೋ ಹಾಗಿಲ್ಲ, ಕೆಲಸದ ಖರ್ಚು ತುಂಬಿಕೊಡಬೇಕು ಅಂತ ಇಲ್ಲಿ ಕಾನೂನಿದೆ. ಎಷ್ಟೋ ರಾಜ್ಯಗಳಲ್ಲಿ ಅದೂ ಇಲ್ಲ. ಮೊದಲು ನೌಕರರು ಅಂಥ ಖರ್ಚನ್ನ ಆದಾಯದಲ್ಲಿ ಒಂದಿಷ್ಟು ಕಳೆದುಕೊಳ್ಳಬಹುದಿತ್ತು. 2018ರಿಂದ ಹೆಚ್ಚಿನವರಿಗೆ ಆ ಬಾಗಿಲು ಮುಚ್ಚಿದ್ರು. 2025ರಲ್ಲಿ ಅದಕ್ಕೆ ಬೀಗವನ್ನೂ ಜಡಿದ್ರು."

ಆಗ ಅವರಿಗೆ ದೇವಸ್ಥಾನ ನೆನಪಾಯಿತು. ಮಗಳು ಲಿವರ್‌ಮೋರ್ ದೇವಸ್ಥಾನಕ್ಕೆ ಆಗಾಗ ಅಡುಗೆ ಸೇವೆಗೆ ಹೋಗುತ್ತಾಳಂತೆ.

"ಸೇವೆಗಾದ್ರೆ ಆದಾಯದಲ್ಲಿ ಮೈಲಿಗೆ 14 ಸೆಂಟ್ ಕಳ್ಕೋಬಹುದು" ಅಂದೆ. "ದರ್ಶನಕ್ಕೆ ಹೋಗಿ ಪ್ರಸಾದ ತಿಂದು ಬಂದ್ರೆ ಅದೂ ಇಲ್ಲ. ವೈದ್ಯರ ಹತ್ರ ಹೋದ್ರೆ 2025ಕ್ಕೆ 21."

"ಅದೇ ಕಾರು, ಅದೇ ಪೆಟ್ರೋಲು!"

"ಅವರು ಬೆಲೆ ಕಟ್ಟೋದು ಮೈಲಿಗಲ್ಲ ರಾಯರೇ, ನೆಪಕ್ಕೆ. ವ್ಯಾಪಾರದ ದರವನ್ನ ತೆರಿಗೆ ಇಲಾಖೆಯೇ ಪೆಟ್ರೋಲು ನೋಡಿ ಏರಿಸುತ್ತೆ, 2022ರಲ್ಲಿ ವರ್ಷದ ನಡುವೆಯೇ ಏರಿಸಿತ್ತು. ಈ 14 ಮಾತ್ರ ಶಾಸನದಲ್ಲೇ ಬರೆದಿಟ್ಟಿದ್ದು. 1998ರಿಂದ ಅಲುಗಿಲ್ಲ. ಪುಣ್ಯಕ್ಕೆ ಬೆಲೆಯೇರಿಕೆ ತಟ್ಟೋದಿಲ್ಲ ಅಂತ ಇರಬೇಕು."

ನೆಪಕ್ಕೆ ಬೆಲೆ ಅಂದಮೇಲೆ ನೆಪ ಬರೆದಿಡಬೇಕಲ್ಲ. ತಾರೀಖು, ಎಲ್ಲಿಗೆ, ಯಾಕೆ, ಎಷ್ಟು ಮೈಲಿ. ಹಿಂದೆ ಜಾರ್ಜ್ ಎಂ. ಕೋಹನ್ ಅಂತ ಒಬ್ಬ ಬ್ರಾಡ್‌ವೇ ನಟ ಚೀಟಿಯೇ ಇಲ್ಲದೆ ಓಡಾಟ, ಔತಣದ ಖರ್ಚನ್ನೆಲ್ಲ ತೋರಿಸಿದ. 1930ರಲ್ಲಿ ನ್ಯಾಯಾಲಯ, ಪೂರಾ ಇಲ್ಲ ಅನ್ನಬೇಡಿ, ಅಂದಾಜಿನಲ್ಲಿ ಒಂದಿಷ್ಟು ಒಪ್ಪಿಕೊಳ್ಳಿ ಅಂದುಬಿಟ್ಟಿತು. ನಮ್ಮ ಇಂಜಿನಿಯರುಗಳಿಗೆ ಗೊತ್ತಿದ್ದರೆ ಅವನ ಫೋಟೋ ಇಟ್ಟು ಪೂಜೆ ಮಾಡುತ್ತಿದ್ದರು. 1962ರಲ್ಲಿ ಸಂಸತ್ತು ಓಡಾಟ, ಔತಣಗಳಿಗೆ ಈ ಅಂದಾಜು ನಡೆಯೋದಿಲ್ಲ ಅಂತ ಕಟ್ಟಿಹಾಕಿತು. 1984ರಲ್ಲಿ ಕಾರಿನ ಓಡಾಟವನ್ನು ಆಗಿಂದಾಗ್ಗೆ ಬರೆಯಲೇಬೇಕು ಅಂದಿತು. ಜನ ಎಷ್ಟು ಬೊಬ್ಬೆ ಹೊಡೆದರೆಂದರೆ ಮರುವರ್ಷವೇ ಆ ಮಾತು ವಾಪಸ್. ಪುರಾವೆ ಬೇಕೆಂಬ ನಿಯಮ ಮಾತ್ರ ಉಳಿಯಿತು, ಆಗಲೇ ಬರೆದ ಲೆಕ್ಕಕ್ಕಿರುವ ಮರ್ಯಾದೆ ವರ್ಷದ ಕೊನೆಗೆ ಕೂತು ಬರೆದದ್ದಕ್ಕಿಲ್ಲ.

"ಈಗ ಸ್ವಂತ ವ್ಯವಹಾರದೋರಿಗೆ ಫೋನೇ ಮೈಲಿ ಬರ್ಕೊಳ್ಳುತ್ತಂತೆ" ಅಂದೆ.

"ಅದಕ್ಕೆ ಮೇಲುಸಹಿ ಯಾರು ಹಾಕ್ತಾರೆ?"

"ಯಾರೂ ಇಲ್ಲ. ಅವರೇ ಬರ್ಕೊಂಡು ಅವರೇ ಕಳ್ಕೊಳ್ಳೋದು. ನೋಟೀಸು ಬಂದಾಗ ತೋರಿಸಿದ್ರೆ ಸಾಕು."

ರಾಯರು ಬಹಳ ಹೊತ್ತು ಸುಮ್ಮನಿದ್ದರು. "ಸೂಪರಿಂಟೆಂಡೆಂಟೇ ಇಲ್ಲದೆ ಇಷ್ಟು ದೊಡ್ಡ ದೇಶ ನಡೀತಿದೆಯಾ?" ಅಂದವರು, ಮಗಳ ಫೋನು ನೋಡಬೇಕು ಅಂತ ಒಳಗೆ ಹೊರಟರು.