ಕಥೆ ಹೇಳಬೇಡ ಮಾರಾಯ!

ಊರೆಲ್ಲ ಉಂಡು, ಎಲೆ ಎತ್ತಿ, ನೆಲ ಒರೆಸಿದ ಮೇಲೆ ಬಂದು ಕೂತು, “ಆಹಾ, ಪಾಯಸ ಏನು ರುಚಿ! ನೀವ್ಯಾರೂ ತಿಂದಿಲ್ವಾ?” ಎಂದು ಕೇಳುವ ಒಂದು ಜಾತಿಯ ಜನ ಇದ್ದಾರೆ. ಮುಂಬೈಯ ಸೊಸೈಟಿಗೊಬ್ಬರಂತೆ ಹಂಚಿಹೋಗಿದ್ದಾರೆ. ಹಿಂದೆ ಇವರು ‘ಶೋಲೆ’ಯನ್ನೋ ಕಿಶೋರ್ ಕುಮಾರನನ್ನೋ ತಡವಾಗಿ ಕಂಡುಹಿಡಿಯುತ್ತಿದ್ದರು. ಈಗ ಜಪಾನಿನ ಹಳೆಯ ಅನಿಮೆಗಳ ಮೇಲೆ ಬಿದ್ದಿದ್ದಾರೆ. ಪೆನ್ಷನ್, ಬಿ.ಪಿ. ಮಾತ್ರೆ, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ‘ಡ್ರ್ಯಾಗನ್ ಬಾಲ್ ಝಡ್’. ಉದಾಹರಣೆಗಾಗಿ ನಾನು ಎಲ್ಲೂ ಅಲೆಯಬೇಕಾಗಿಲ್ಲ. ಮುಲುಂಡಿನಲ್ಲಿ ನಮ್ಮ ಭಾವ ಇದ್ದಾರೆ, ಅಕ್ಕನ ಗಂಡ.

2000ದ ದಶಕದ ಆರಂಭದಲ್ಲಿ ಕಾರ್ಟೂನ್ ನೆಟ್‌ವರ್ಕಿನಲ್ಲಿ ಇದೇ ಧಾರಾವಾಹಿಯನ್ನು ಮಗ ಬಾಯಿಬಿಟ್ಟುಕೊಂಡು ನೋಡುತ್ತಿದ್ದಾಗ, “ಈ ನೆಟ್ಟಗೂದಲಿನವರ ಕಿರುಚಾಟ ನೋಡಿದ್ರೆ ಮಾರ್ಕು ಬರ್ತದಾ?” ಎಂದು ಟಿ.ವಿ. ಆರಿಸಿದವರೂ ಇದೇ ಭಾವ. ಈಗ ನಾನು ಬಾಯಿತಪ್ಪಿ ಕಾರ್ಟೂನ್ ಅಂದರೆ ‘ಅನಿಮೆ’ ಎಂದು ತಿದ್ದುತ್ತಾರೆ.

ಈ ಹುಚ್ಚು ಹತ್ತಿದ್ದು ಹೇಗೆಂದರೆ, ಆ ಕಥೆಯನ್ನು ಚಿತ್ರಪುಸ್ತಕವಾಗಿ ಬರೆದ ಅಕಿರಾ ತೊರಿಯಾಮಾ 2024ರ ಮಾರ್ಚ್‌ನಲ್ಲಿ ತೀರಿಕೊಂಡ ಸುದ್ದಿ ಬಂತು. ಟೊರಾಂಟೋದಲ್ಲಿರುವ ಮಗ ಮನೆಯ ಗ್ರೂಪಿನಲ್ಲಿ ಅವರ ಫೋಟೋ ಹಾಕಿ ಪಕ್ಕದಲ್ಲಿ ಅಳುವ ಮುಖ ಅಂಟಿಸಿದ. ಭಾವ ಮೊದಲು ‘ಓಂ ಶಾಂತಿ’ ಎಂದು ಬರೆದು, ಹತ್ತು ನಿಮಿಷ ಬಿಟ್ಟು, ‘ಯಾರಿವರು? ನಿನ್ನ ಬಾಸಾ?’ ಎಂದು ಕೇಳಿದರು. ಮಗ ಒಂದು ಕಂತಿನ ಕೊಂಡಿ ಕಳಿಸಿದ. ಅಕ್ಕನ ಕಷ್ಟ ಅಲ್ಲಿಂದ ಶುರು.

ಈಗ ಮನೆಗೆ ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೂ ಕಥಾನಾಯಕ ಗೋಕುವಿನ ಬಾಲದ ಕಥೆ ಗೊತ್ತು. ಗೋಕು ಅಂದರೆ ಚೀನಾದ ಪುರಾಣಕಥೆಯ ವಾನರರಾಜ ಸುನ್ ವುಕಾಂಗನ ಹೆಸರೇ, ಜಪಾನೀ ನಾಲಗೆಯಲ್ಲಿ. ಆ ವಾನರನಿಗೂ ನಮ್ಮ ಹನುಮಂತನಿಗೂ ನಂಟಿದೆಯೋ ಇಲ್ಲವೋ ಎಂದು ವಿದ್ವಾಂಸರು ಕಿತ್ತಾಡುತ್ತಾರೆ. ಭಾವನಿಗೆ ಆ ಗೊಂದಲ ಇಲ್ಲ. “ನಮ್ಮ ಹನುಮಂತನೇ ಮಾರಾಯ, ಆ ಕಡೆ ಹೋಗಿ ಬಂದದ್ದು!” ಒಂದು ಭಾನುವಾರ ಬಾಲ್ಕನಿಯಲ್ಲಿ ಕೂತು, ಬಟ್ಟಲಿನಲ್ಲಿ ಕಪ್ಪು ಡೈ ಕಲಸಿ ಬ್ರಶ್ಶಿನಿಂದ ಕಿವಿಯ ಮೇಲೆ ಹಚ್ಚಿಕೊಳ್ಳುತ್ತ ಹೇಳಿದರು: “ಗೋಕು ಶಕ್ತಿ ಏರಿ ಸೂಪರ್ ಸೈಯನ್ ಆದಾಗ ಕೂದಲು ಚಿನ್ನದ ಬಣ್ಣ ಯಾಕೆ ಗೊತ್ತುಂಟಾ? ಪುಸ್ತಕ ಕಪ್ಪು-ಬಿಳುಪು. ವಾರ ವಾರ ಅಷ್ಟು ಕೂದಲಿಗೆ ಶಾಯಿ ತುಂಬುವ ಕೆಲಸ ಉಳೀಲಿ ಅಂತ ತೊರಿಯಾಮಾ ಬಿಳಿ ಬಿಟ್ಟದ್ದು!” ಅಕ್ಕ ಒಳಗಿನಿಂದ, “ನೀವೂ ಹಾಗೇ ಬಿಡಿ, ನಮ್ಮ ಟವೆಲ್ಲೂ ಉಳೀತದೆ” ಎಂದಳು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಒಂದೇ. 1996ಕ್ಕೇ ಜಪಾನಿನ ಟಿ.ವಿ.ಯಲ್ಲಿ ಮುಗಿದ ಈ ಕಥೆಯನ್ನು ಅವರಿಗೆ ಯಾರೂ ಹೇಳಬಾರದು. ಅವರು ಎಲ್ಲರಿಗೂ ಹೇಳಬಹುದು, ಅದು ಬೇರೆ.

ಒಮ್ಮೆ ಬಾಳೆ ಎಲೆ, ಕೆಸುವಿನ ಎಲೆ ತರಲಿಕ್ಕೆಂದು ನಾನೂ ಭಾವನೂ ಮಾಟುಂಗಕ್ಕೆ ಸ್ಲೋ ಲೋಕಲ್ ಹತ್ತಿದ್ದೆವು. ಭಾವನಿಗೆ ಕಿಟಕಿ ಸಿಕ್ಕಿತು, ಮೊಬೈಲು ಹೊರಗೆ ಬಂತು. ಖಳನಾಯಕ ಫ್ರೀಜಾನ ಜೊತೆಗಿನ ಯುದ್ಧ ಕಾವೇರಿತ್ತು. ಬ್ಯಾಗನ್ನು ಎದೆಗೆ ತಿರುಗಿಸಿ ಹಾಕಿಕೊಂಡ ಕಾಲೇಜು ಹುಡುಗನೊಬ್ಬ ಹಿಡಿಗೆ ಜೋತುಬಿದ್ದು ಭಂಡುಪಿನಿಂದಲೂ ಇಣುಕುತ್ತಿದ್ದ. ಘಾಟ್‌ಕೋಪರ್ ದಾಟುತ್ತಿದ್ದಂತೆ ತಡೆಯಲಾಗದೆ, ಬಹಳ ಗೌರವದಿಂದಲೇ, “ಅಂಕಲ್, ಅಬ್ ಕ್ರಿಲಿನ್ ಮರೇಗಾ” ಎಂದುಬಿಟ್ಟ. ಕ್ರಿಲಿನ್ ಅಂದರೆ ಗೋಕುವಿನ ಗೆಳೆಯ. ಭಾವನ ಮುಖ ನೋಡಿ ಹೆದರಿ, ಸಮಾಧಾನಕ್ಕೆಂದು, “ಟೆನ್ಶನ್ ಮತ್ ಲೋ ಅಂಕಲ್, ಬಾದ್ ಮೇ ವಾಪಸ್ ಜಿಂದಾ ಹೋ ಜಾತಾ ಹೈ” ಎಂದೂ ಸೇರಿಸಿದ. ಸಾವೂ ಹೋಯಿತು, ಮರುಹುಟ್ಟೂ ಹೋಯಿತು. ಭಾವ ಎದ್ದವರೇ ವಿದ್ಯಾವಿಹಾರದಲ್ಲಿ ಇಳಿದುಬಿಟ್ಟರು. ವಿದ್ಯಾವಿಹಾರದಲ್ಲಿ ನಮಗೆ ಏನೂ ಕೆಲಸ ಇರಲಿಲ್ಲ. ಚೀಲ ಹಿಡಿದುಕೊಂಡು ನಾನೂ ಇಳಿದೆ.

“ಭಾವ, ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೂ ನೀವು ಯಕ್ಷಗಾನದಲ್ಲಿ ಕರ್ಣಪರ್ವ ನೋಡ್ಲಿಕ್ಕೆ ಹೋಗುದಿಲ್ವಾ?” ಎಂದೆ.

“ಕರ್ಣ ನಾನು ಹುಟ್ಟುವ ಮೊದಲೇ ಸತ್ತವ. ಕ್ರಿಲಿನ್ ಘಾಟ್‌ಕೋಪರ್‌ವರೆಗೂ ಬದುಕಿದ್ದ!”

ಇದಕ್ಕೆ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಅದೇ ಯುದ್ಧದಲ್ಲಿ, ಈ ಗ್ರಹ ಇನ್ನೈದೇ ನಿಮಿಷದಲ್ಲಿ ಸಿಡಿಯುತ್ತದೆ ಎಂದು ಫ್ರೀಜಾ ಹೇಳುತ್ತಾನೆ. ಆ ಐದು ನಿಮಿಷ ಮುಗಿಯಲು ಸುಮಾರು ಹತ್ತು ಕಂತು ಹಿಡಿಯುತ್ತದೆ. (ನಾನು ಇದನ್ನೆಲ್ಲ ನೋಡುವವನಲ್ಲ. ಭಾವನ ಪಕ್ಕ ಕೂತಾಗ ಕಣ್ಣಿಗೆ ಬಿದ್ದದ್ದು. 106ನೆಯ ಕಂತಿನಲ್ಲಿ ಸಿಡಿಯಿತು.) ವಾರಪತ್ರಿಕೆಯಲ್ಲಿ ಕಥೆ ಇನ್ನೂ ಬರುತ್ತಿರುವಾಗಲೇ ಟಿ.ವಿ.ಯವರು ಹಿಂದೆಯೇ ಓಡಿಬಂದು ಮುಟ್ಟಿಬಿಡುತ್ತಿದ್ದರು. ಹಾಗಾಗಿ ಒಬ್ಬ ಮುಷ್ಟಿ ಎತ್ತಿದರೆ ಇಳಿಸುವುದು ಮುಂದಿನ ವಾರ. ಒಟ್ಟು 291 ಕಂತು. ಇದನ್ನು ಲೆಕ್ಕ ಹಾಕಿ ತೋರಿಸಿದರೆ ಭಾವ, “ಮೂವತ್ತು ವರ್ಷ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ನೋಡಿದವನಿಗೆ ಐದು ನಿಮಿಷ ಅಂದ್ರೆ ಎಷ್ಟು ಅಂತ ನೀನು ಹೇಳಿಕೊಡ್ಬೇಡ” ಎಂದರು.

ಈ ಎಳೆದಾಟ ತೆಗೆದು ಚಿಕ್ಕದು ಮಾಡಿದ ‘ಡ್ರ್ಯಾಗನ್ ಬಾಲ್ ಕೈ’ 2009ರಲ್ಲೇ ಬಂದಿದೆ, ಅದನ್ನು ನೋಡು ಎಂದು ಮಗ ಫೋನಿನಲ್ಲಿ ಹೇಳಿದ್ದ. ಭಾವ ಮುಖ ಕಿವುಚಿ, “ಕಾಲಮಿತಿಯಾ?” ಎಂದರು.

ಆ ಮಾತಿನಲ್ಲಿದ್ದ ತಾತ್ಸಾರ ಕರಾವಳಿಯವರಿಗಷ್ಟೇ ಅರ್ಥವಾದೀತು. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳಿಗೆ ಆಟವಿಲ್ಲ, ಕಲಾವಿದರು ಮುಂಬೈಗೆ ಬರುತ್ತಾರೆ. ಇಲ್ಲಿ ಸಭಾಂಗಣದ ಬಾಡಿಗೆಯ ಗಡಿಯಾರ, ಕೊನೆಯ ಲೋಕಲಿನ ಗಡಿಯಾರ. ಮೂರು ಗಂಟೆಯಲ್ಲಿ ಪ್ರಸಂಗ ಮುಗಿಯಬೇಕು, ಅದೇ ಕಾಲಮಿತಿ. ಊರಿನಲ್ಲಾದರೆ ಬಣ್ಣದ ವೇಷ ತೆರೆಯ ಹಿಂದೆ ಅಬ್ಬರಿಸಿ ಪೂರ್ತಿ ಮುಖ ತೋರಿಸುವುದಕ್ಕೇ ಅರ್ಧ ಗಂಟೆ. ತಾಳಮದ್ದಳೆಯ ವಾಲಿ ಬಾಣ ನಾಟಿಸಿಕೊಂಡು ಬಿದ್ದಲ್ಲಿಂದಲೇ ರಾಮನ ಹತ್ತಿರ ಗಂಟೆಗಟ್ಟಲೆ ವಾದ ಮಾಡುತ್ತಾನೆ. “ಅದು ಉದ್ದ ಅಲ್ಲ, ಫ್ರೀಜಾ ಮಾತಾಡಿದ್ರೆ ಉದ್ದವಾ?” ಎನ್ನುತ್ತಾರೆ ಭಾವ. ಭಾಗವತರೊಬ್ಬರು ಇಲ್ಲ, ಉಳಿದದ್ದೆಲ್ಲ ಉಂಟಂತೆ.

ತೊರಿಯಾಮಾ ‘ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಈ ಕಥೆ ಶುರುಮಾಡಿದ್ದು 1984ರಲ್ಲಿ. ಆ ಪತ್ರಿಕೆ ಹುಡುಗರಿಗೆಂದೇ ಇರುವುದು. ಆ ವರ್ಷ ಭಾವನಿಗೆ ಹದಿನೇಳು. ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಹಗಲು ಕಪ್ಪು-ಬಸಿ ತೊಳೆದು, ಸಂಜೆ ಕನ್ನಡದ ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದರು. ಅಲ್ಲಿಂದ ಬ್ಯಾಂಕಿನ ಕೌಂಟರಿನವರೆಗೆ ಬಂದ ದಾರಿಯಲ್ಲಿ, ಶಾಲೆ ಬಿಟ್ಟು ಬಂದು ಕಾಲುಚಾಚಿ ಕೂರುವ ಸಂಜೆ ಎಂಬುದೊಂದು ಅವರಿಗೆ ಸಿಕ್ಕಿರಲೇ ಇಲ್ಲ. ಮಗನ ಟಿ.ವಿ. ಆರಿಸುವಾಗ ಆ ಹುಡುಗ ಏನು ನೋಡುತ್ತಿದ್ದಾನೆಂದು ತಿಳಿಯದ್ದು ಅದಕ್ಕೇ ಇರಬೇಕು. ಬೈಯಲಿಕ್ಕೆಂದು ಹೊರಟವನು ಎಲ್ಲಿಗೋ ಬಂದುಬಿಟ್ಟೆ.

ಈಗ ಬೈಯುವ ಸರದಿ ಮಗನದು. ಅಲ್ಲಿಯ ಮಧ್ಯಾಹ್ನಕ್ಕೆ ಫೋನ್ ಮಾಡಿ, “ಅಪ್ಪ, ಅಲ್ಲಿ ರಾತ್ರಿ ಹನ್ನೆರಡು ಆಯ್ತು. ಇನ್ನೂ ಅದನ್ನೇ ನೋಡ್ತಾ ಇದ್ದೀಯಾ?” ಎನ್ನುತ್ತಾನೆ. “ಇಲ್ಲಪ್ಪ, ನ್ಯೂಸು” ಎನ್ನುತ್ತಾರೆ ಭಾವ. ಹಿಂದಿನಿಂದ ಯಾರೋ ಸೈಯನ್ ಕಿರುಚುವುದು ಟೊರಾಂಟೋಕ್ಕೂ ಕೇಳಿಸುತ್ತದೆ.

ಅಂತೂ ಅದು ಮುಗಿಯಿತು. ಮನೆಗೆ ಶಾಂತಿ ಬಂತೆಂದು ಅಕ್ಕ ಕೇಸರಿಬಾತು ಮಾಡಿದ್ದಳು. ತಿನ್ನುತ್ತಾ ಭಾವ, “‘ವನ್ ಪೀಸ್’ ಅಂತ ಇನ್ನೊಂದು ಉಂಟಂತೆ. 1999ರಲ್ಲಿ ಶುರುವಾದ್ದು, ಸಾವಿರದ ನೂರು ಕಂತು ದಾಟಿಯೂ ಮುಗೀಲಿಲ್ಲವಂತೆ” ಎಂದರು. ಅಕ್ಕನ ಕೈಯಲ್ಲಿ ಸೌಟು ಹಾಗೆಯೇ ನಿಂತಿತು. ಇಷ್ಟು ಉದ್ದದ್ದನ್ನು ಹಿಡಿದರೆ ಮುಗಿಯುವವರೆಗೆ ಬದುಕಿರಬೇಕಲ್ಲ ಎಂಬ ಚಿಂತೆ ಭಾವನಿಗೂ ಹತ್ತಿದೆ. ಡಾಕ್ಟರು ವರ್ಷಗಟ್ಟಲೆ ಹೇಳಿದರೂ ಕೇಳದವರು ಮರುದಿನದಿಂದ ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೊರಟಿದ್ದಾರೆ, ಎರಡನೆಯ ಸಲ ಕೇಸರಿಬಾತು ಬಡಿಸಿದರೆ ಬೇಡ ಎನ್ನುತ್ತಾರೆ. ಶುಗರ್ ರಿಪೋರ್ಟು ಇಳಿದದ್ದನ್ನು ಅಕ್ಕ ನನಗೆ ಫೋಟೋ ತೆಗೆದು ಕಳಿಸಿ, ಕೆಳಗೆ ಬರೆದಿದ್ದಳು: ‘ಅದು ಯಾವಾಗ ಮುಗೀತದೆ ಅಂತ ಗೊತ್ತಾದರೂ ನಿನ್ನ ಭಾವನಿಗೆ ಹೇಳಬೇಡ.’