ಸ್ಕ್ರೂಡ್ರೈವರ್ ಮಾವ

ಮೈಸೂರಿನ ಹಳೇ ಬೀದಿಯಲ್ಲಿ ನಿಮ್ಮ ಬೈಕು ಎರಡು ಕಿಕ್ಕಿಗೆ ಸ್ಟಾರ್ಟ್ ಆಗದಿದ್ದರೆ, ಮೂರನೆಯದಕ್ಕೆ ಎದುರುಮನೆ ಗೇಟು ಕಿರ್ರೆನ್ನುತ್ತದೆ. ಪಂಚೆ, ಬನಿಯನ್ನು, ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರು. ಇವರೇ ಮಾವ. ಯಾರ ಮಾವ ಎಂದು ಕೇಳಬೇಡಿ. ಗಾಡಿ ಕೆಟ್ಟವರೆಲ್ಲ ಅಳಿಯಂದಿರು.

"ತುಳೀಬೇಡ ಕಣಯ್ಯಾ, ಓವರ್‌ಫ್ಲೋ ಆಗಿದೆ!" ಪ್ಲಗ್ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಜಾತಕ ನೋಡುವ ಜೋಯಿಸರ ಹಾಗೆ ನೋಡುತ್ತಾರೆ. ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ, ಬೆಳ್ಳಗಿದ್ದರೆ ಕಮ್ಮಿ, ಕಾಫಿಪುಡಿ ಬಣ್ಣವಿದ್ದರೆ ಎಂಜಿನ್ನು ಗಟ್ಟಿಮುಟ್ಟು. ಗಟ್ಟಿಮುಟ್ಟೆಂದು ಗೊತ್ತಾದಾಗ ಮಾವನ ಮುಖ ಸಪ್ಪಗಾಗುತ್ತದೆ.

ಕಾರು ಸಿಕ್ಕಿದರಂತೂ ಹಬ್ಬ. ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ, ಕಣ್ಣು ಮುಚ್ಚಿ, "ಟ್ಯಾಪೆಟ್ಟು. ಎರಡನೇ ಸಿಲಿಂಡರು." ಆಮೇಲೆ "ಒಂದು ಹತ್ತು ರೂಪಾಯಿ ಕೊಡು" ಎಂದು ನೋಟನ್ನು ಸೈಲೆನ್ಸರಿನ ಬಾಯಿಗೆ ಹಿಡಿಯುತ್ತಾರೆ. ಒಂದೇ ಸಮ ಹೊರಕ್ಕೆ ಹಾರಾಡಿದರೆ ಸರಿ. ನಡುನಡುವೆ ಒಳಕ್ಕೆ ಎಳೆದುಕೊಂಡರೆ ವಾಲ್ವು ಕೂತಿಲ್ಲ. ರೋಗ ನಿಜಕ್ಕೂ ಅದೇ ಆಗಿರುತ್ತದೆ, ಒಪ್ಪಿಕೊಳ್ಳಬೇಕು. ನೋಟು ವಾಪಸ್ಸು ಬಂದ ದಾಖಲೆ ಮಾತ್ರ ಇಲ್ಲ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಲ್ಲ, ಮಾವನ ಪ್ರಕಾರ ಕಲಿಯುಗ ಶುರುವಾದದ್ದು ಅಂದೇ. ಅಲ್ಲೇ ತಯಾರಾಗುತ್ತಿದ್ದ, ಕಿಕ್ಕರನ್ನೇ ಮಡಚಿ ಗೇರು ಮಾಡಿಕೊಳ್ಳುವ ಯೆಜ್ಡಿ ಬೈಕಿನ ಮೇಲೆ ಅವರಿಗಿರುವ ಅಕ್ಕರೆ ಅತ್ತೆಯವರಿಗೂ ಗೊತ್ತು. ಅದರ ಪಾಯಿಂಟಿನ ಸಂದು ಸುಮಾರು 0.4 ಮಿ.ಮೀ. ಇರಬೇಕು. ಫೀಲರ್ ಗೇಜ್ ಯಾಕೆ, ಮದುವೆ ಕಾರ್ಡು ಇಲ್ಲವೇ? ತೆಳ್ಳನೆಯ ಕಾರ್ಡು ಕೊಟ್ಟವರ ಮದುವೆಗೆ ಅವರು ಹೋಗುವುದೂ ಇಲ್ಲ.

ಮೊನ್ನೆ ಪಕ್ಕದ ಮನೆ ಹುಡುಗನ ಹೊಸ ಕಾರಿನಲ್ಲಿ ಹಳದಿ ದೀಪ ಹತ್ತಿಕೊಂಡಿತು. ಹುಡುಗ ಸ್ಕ್ಯಾನರು ತರಿಸುವಷ್ಟರಲ್ಲಿ ಮಾವ ಬ್ಯಾಟರಿಯ ತಂತಿ ಕಿತ್ತು, ಒಂದು ಕಾಫಿ ಕುಡಿದು ಬಂದು, ಮತ್ತೆ ಸಿಕ್ಕಿಸಿದರು. ದೀಪ ಮಾಯ!

"ಮಾವ, ರೋಗ ಹೋಯ್ತಾ?"

"ರೋಗದ ವಿಚಾರ ಆಮೇಲೆ. ಚಾಡಿ ಹೇಳೋದು ನಿಲ್ತಲ್ಲ."

ಅಷ್ಟರಲ್ಲಿ ರೇಡಿಯೋ ಎಚ್ಚರಗೊಂಡು, ಗುಪ್ತ ಸಂಖ್ಯೆ ಒತ್ತು ಎಂದಿತು. ಮಾವ ಅದನ್ನೇ ದಿಟ್ಟಿಸಿದರು.

"ನಮ್ಮ ಯೆಜ್ಡಿ ಒಂದು ದಿನವಾದರೂ ನೀನು ಯಾರು ಅಂತ ಕೇಳಿತ್ತೇನಯ್ಯಾ?"