ಲೈಬ್ರರಿ ಕರ್ತೃಗಳಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಲೈಬ್ರರಿ ಕರ್ತೃಗಳೇ,

ಸಿಎಸ್‌ವಿ ಕಡತ ಓದಿಕೊಡುವ ನಿಮ್ಮ ಜಾವಾ ಲೈಬ್ರರಿಯನ್ನು ನಮ್ಮ ಪ್ರಾಜೆಕ್ಟಿಗೆ ಸೇರಿಸಿಕೊಂಡೆವು. ಕರೆದದ್ದು ಒಂದು ಜಾರ್, ಬಂದಿಳಿದದ್ದು ಲಾಗಿಂಗ್ ಲೈಬ್ರರಿಗಳ ದಿಬ್ಬಣ. ಲಾಗ್‌ಬ್ಯಾಕ್, ಹಳೆಯ ಲಾಗ್‌ಫೋರ್‌ಜೆ, ಕಾಮನ್ಸ್ ಲಾಗಿಂಗ್, ಜೊತೆಗೆ ಇವರನ್ನೆಲ್ಲ ಹೊಂದಿಸಲು ಎರಡು ಬ್ರಿಡ್ಜ್!

ಆ ಬ್ರಿಡ್ಜ್‌ಗಳ ಲೀಲೆ ಹೇಳತೀರದು. ಒಂದು, ಲಾಗ್‌ಫೋರ್‌ಜೆಗೆ ಬಂದ ಸಂದೇಶವನ್ನು ಎಸ್‌ಎಲ್‌ಎಫ್‌ಫೋರ್‌ಜೆ ಎಂಬ ಲಾಗಿಂಗ್ ಎಪಿಐಗೆ ದಾಟಿಸುತ್ತದೆ. ಇನ್ನೊಂದು ಅದನ್ನೇ ಮರಳಿ ಲಾಗ್‌ಫೋರ್‌ಜೆಗೆ ಒಪ್ಪಿಸುತ್ತದೆ. ಸ್ಟ್ಯಾಕ್ ತುಂಬಿ ಸಾಯುವವರೆಗೂ ಇದೇ ಪ್ರದಕ್ಷಿಣೆ ನಡೆಯಬೇಕಿತ್ತು. ಆದರೆ ಎಸ್‌ಎಲ್‌ಎಫ್‌ಫೋರ್‌ಜೆಯವರಿಗೆ ನಿಮ್ಮಂಥವರ ಪರಿಚಯ ಮೊದಲೇ ಇದ್ದಂತಿದೆ. ಎರಡೂ ಒಟ್ಟಿಗೆ ಕಂಡರೆ ಶುರುವಿನಲ್ಲೇ ಎರರ್ ಎಸೆದು ನಿಲ್ಲಿಸುವ ಏರ್ಪಾಡು ಮಾಡಿದ್ದಾರೆ.

ಒಂದು ಬ್ರಿಡ್ಜ್ ಕಿತ್ತುಹಾಕಿ ಮುಂದೆ ಹೋದರೆ, ಜಾರ್ ಒಳಗೆ ತಾವು ಪ್ರೀತಿಯಿಂದ ಇಟ್ಟ ಲಾಗ್‌ಬ್ಯಾಕ್ ಕಾನ್ಫಿಗ್ ಕಡತ! ಮಟ್ಟ: ಡಿಬಗ್. ಕ್ಲಾಸ್‌ಪಾತ್‌ನಲ್ಲಿ ನಿಮ್ಮ ಜಾರ್ ಮುಂದಿದ್ದ ಸರ್ವರಿನಲ್ಲಿ ನಮ್ಮ ಕಾನ್ಫಿಗ್ ಮೂಲೆಗೆ ಬಿತ್ತು. "ಸಾಲು ಓದಿದೆ", "ಸಾಲು ಓದಿದೆ" ಎಂದು ಜಪಿಸುತ್ತ ಲೈಬ್ರರಿ ಡಿಸ್ಕ್ ತುಂಬಿಸಿತು. ಖಾಲಿ ಕಾಲಂ ಎದುರಾದಾಗ ಮಾತ್ರ ಒಂದಕ್ಷರವೂ ಬರೆಯದೆ ನಲ್ ಕೊಟ್ಟು ಸುಮ್ಮನಾಯಿತು.

"ಲಾಗಿಂಗ್ ತಾನೇ, ಅದರಲ್ಲೇನಿದೆ?" ಎನ್ನುತ್ತೀರಿ. ಡಿಸೆಂಬರ್ 2021 ನೆನಪಿದೆಯಲ್ಲ? ಲಾಗ್‌ಫೋರ್‌ಜೆ 2ರ ಲಾಗ್‌ಫೋರ್‌ಶೆಲ್ ದೋಷಕ್ಕೆ ತೀವ್ರತೆಯಲ್ಲಿ 10ಕ್ಕೆ 10 ಅಂಕ. 2.15.0 ಹಾಕಿ ಉಸಿರು ಬಿಡುವಷ್ಟರಲ್ಲಿ 2.16.0, ಅದರ ಬೆನ್ನಿಗೇ 2.17.0. ಊರೆಲ್ಲ ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ: ನಾವು ಲಾಗ್‌ಫೋರ್‌ಜೆಯನ್ನು ಹಾಕಿಯೇ ಇಲ್ಲವಲ್ಲ, ಇದನ್ನು ತಂದವರು ಯಾರು? ತಂದವರು ತಮ್ಮಂಥ ಕರ್ತೃಗಳು, ಡಿಪೆಂಡೆನ್ಸಿಯ ಡಿಪೆಂಡೆನ್ಸಿಯಾಗಿ. ದೋಷ ಇದ್ದದ್ದು ಕೋರ್ ಜಾರ್‌ನಲ್ಲಿ, ಎಪಿಐ ಜಾರ್‌ನಲ್ಲಲ್ಲ. ಬರೀ ಎಪಿಐ ನೆಚ್ಚಿಕೊಂಡ ಲೈಬ್ರರಿಗಳು ಆ ಪಾಪವನ್ನು ಯಾರ ತಲೆಗೂ ಕಟ್ಟಲಿಲ್ಲ.

ಪೈಥಾನ್‌ನವರು ಇದನ್ನು ಕೈಪಿಡಿಯಲ್ಲೇ ಬರೆದಿಟ್ಟಿದ್ದಾರೆ: ಲೈಬ್ರರಿ ತನ್ನ ಲಾಗರಿಗೆ ನಲ್‌ಹ್ಯಾಂಡ್ಲರ್ ಬಿಟ್ಟು ಬೇರೇನೂ ಅಂಟಿಸಬಾರದು. ಲಾಗ್ ಎಲ್ಲಿಗೆ ಹೋಗಬೇಕು, ಎಷ್ಟು ಹೋಗಬೇಕು ಎಂಬುದು ಪ್ರೋಗ್ರಾಂ ನಡೆಸುವವರ ತೀರ್ಮಾನ. ಡಿಸ್ಕಿನ ಬಿಲ್ ಕಟ್ಟುವವರೂ ಅವರೇ.

ಆದ್ದರಿಂದ ಕೈಮುಗಿದು ಬೇಡುತ್ತೇನೆ. ಮುಂದಿನ ಆವೃತ್ತಿಯಲ್ಲಿ ಎಸ್‌ಎಲ್‌ಎಫ್‌ಫೋರ್‌ಜೆಯ ಎಪಿಐ ಒಂದನ್ನು ಉಳಿಸಿ, ಲಾಗ್‌ಬ್ಯಾಕನ್ನು ಟೆಸ್ಟ್ ಸ್ಕೋಪಿಗೆ ಕಳಿಸಿ, ಆ ಕಾನ್ಫಿಗ್ ಕಡತವನ್ನು ಜಾರ್‌ನಿಂದ ತೆಗೆಯಿರಿ. ಅಲ್ಲಿಯವರೆಗೆ ನಮ್ಮ ಪಾಮ್ ಕಡತದಲ್ಲಿ ನಿಮ್ಮ ಹೆಸರಿನ ಕೆಳಗಿರುವ ಎಕ್ಸ್‌ಕ್ಲೂಷನ್‌ಗಳ ಪಟ್ಟಿ ನಿಮ್ಮ ರೀಡ್‌ಮಿಗಿಂತ ಉದ್ದವಾಗಿಯೇ ಇರುತ್ತದೆ.

ಇಂತಿ,
ತಮ್ಮ ಡಿಬಗ್ ಸಾಲುಗಳ ನಿತ್ಯ ಓದುಗ